ಹನ್ನೊಂದನೆಯ ಮೀನು

ಗಾಳ ಹಾಕುವ ಬಡವನ ಮೇಲೆ ಕ್ಯಾಲಿಫೋರ್ನಿಯಾ ಸರ್ಕಾರಕ್ಕಿರುವ ಅಕ್ಕರೆಯನ್ನು ಮೆಚ್ಚಲೇಬೇಕು. ಹದಿನಾರು ತುಂಬಿದವರು ಆ ರಾಜ್ಯದಲ್ಲಿ ಮೀನು ಹಿಡಿಯಲು ಲೈಸೆನ್ಸ್ ಪಡೆಯಬೇಕು. ಆದರೆ ಕಡಲಿನೊಳಕ್ಕೆ ಚಾಚಿದ ಸಾರ್ವಜನಿಕ ಪಿಯರ್ ಮೇಲೆ ನಿಂತು ಹಿಡಿಯುವುದಾದರೆ ಲೈಸೆನ್ಸ್ ಬೇಕಿಲ್ಲ, ತಲೆಗೆ ಎರಡು ಗಾಳದ ಕೋಲುಗಳಿಗೆ ಅನುಮತಿಯೂ ಉಂಟು. ದೋಣಿ ಕೊಳ್ಳಲಾಗದ ಕೂಲಿಯವನು, ಭಾನುವಾರ ಮಕ್ಕಳನ್ನು ಕಟ್ಟಿಕೊಂಡು ಬರುವ ಸಂಸಾರಸ್ಥ, ಮಗನ ಮನೆಗೆ ಬಂದು ಹೊತ್ತು ಹೋಗದೆ ಚಡಪಡಿಸುವ ನನ್ನಂಥ ಕರಾವಳಿಯ ಮುದುಕ, ಎಲ್ಲರಿಗೂ ಅಲ್ಲಿ ಜಾಗವಿದೆ.

ಮೊಮ್ಮಗನ ಕೈ ಹಿಡಿದು ಲಾಸ್ ಏಂಜಲೀಸ್ ಸೀಮೆಯ ಪಿಯರೊಂದಕ್ಕೆ ಹೋದವನಿಗೆ ಮೊದಲು ಕಂಡದ್ದು ಮೀನಲ್ಲ, ಮೀನಿನ ಚಿತ್ರಗಳಿದ್ದ ಫಲಕ. ವೈಟ್ ಕ್ರೋಕರ್, ಬ್ಲ್ಯಾಕ್ ಕ್ರೋಕರ್, ಬ್ಯಾರಕುಡಾ, ಬಾರ್ಡ್ ಸ್ಯಾಂಡ್ ಬಾಸ್, ಟಾಪ್‌ಸ್ಮೆಲ್ಟ್ ಎಂಬ ಐದನ್ನು, ಮೈಯಲ್ಲಿ ವಿಷ ಸೇರಿರುವುದರಿಂದ, ತಿನ್ನಲೇಬಾರದಂತೆ. ಹಿಡಿಯಬಾರದೆಂದು ಮಾತ್ರ ಎಲ್ಲೂ ಹೇಳಿಲ್ಲ. 2009ರಲ್ಲಿ ರಾಜ್ಯದ ಆರೋಗ್ಯ ತಜ್ಞರು ಹೊರಡಿಸಿದ ಈ ಸಲಹೆ ಸಾಂಟಾ ಮೋನಿಕಾ ಪಿಯರ್‌ನಿಂದ ಸೀಲ್ ಬೀಚ್ ಪಿಯರ್‌ವರೆಗಿನ ನೀರಿಗೆ ಅನ್ವಯಿಸುತ್ತದೆ; ಅದರಾಚೆ ನಿಯಮ ಸಡಿಲಗೊಳ್ಳುತ್ತದೆ. ಈ ಗಡಿಯನ್ನು ಮೀನುಗಳಿಗೆ ಯಾರು ತೋರಿಸಿಕೊಟ್ಟರೋ ತಿಳಿಯದು.

ವಿಷಕ್ಕೂ ಒಂದು ವಂಶಾವಳಿಯಿದೆ. ಟೊರೆನ್ಸ್ ಬಳಿ ಮಾಂಟ್ರೋಸ್ ಕೆಮಿಕಲ್ ಎಂಬ ಕಂಪನಿ 1947ರಿಂದ 1982ರವರೆಗೆ ಡಿಡಿಟಿ ಎಂಬ ಕೀಟನಾಶಕ ತಯಾರಿಸಿತು, ಮತ್ತು ಹಲವು ವರ್ಷ ಅದರ ತ್ಯಾಜ್ಯ ಒಳಚರಂಡಿಯಲ್ಲಿ ಹರಿದು ಪಾಲೋಸ್ ವರ್ಡಿಸ್ ಕರಾವಳಿಯ ಕಡಲತಳ ಸೇರಿತು. ಅಮೆರಿಕ 1972ರಲ್ಲಿ ತನ್ನ ನೆಲದ ಮೇಲೆ ಡಿಡಿಟಿಯನ್ನು ನಿಷೇಧಿಸಿದ ಬಳಿಕವೂ ಕಾರ್ಖಾನೆ ಹತ್ತು ವರ್ಷ ನಡೆಯಿತು, ಏಕೆಂದರೆ ಪರದೇಶದವರು ಕೊಳ್ಳುತ್ತಿದ್ದರು. (ನಮ್ಮಲ್ಲಿ 1953ರ ಮಲೇರಿಯಾ ನಿಯಂತ್ರಣ ಕಾರ್ಯಕ್ರಮದ ನಂತರ ಪಂಪು ಹೊತ್ತವರು ಮನೆಗೆ ಬಂದು ಗೋಡೆಗೆ ಡಿಡಿಟಿ ಹೊಡೆದು, ಬಾಗಿಲ ಮೇಲೆ ತಾರೀಖು ಬರೆದು ಹೋಗುತ್ತಿದ್ದರು. ನಮ್ಮ ಪಾಲು ಗೋಡೆಗೆ ಬಂತು, ಅವರ ಪಾಲು ಮೀನಿಗೆ ಹೋಯಿತು.) ಆ ಕಂಪನಿ ಮತ್ತಿತರರ ಮೇಲೆ ಸರ್ಕಾರ 1990ರಲ್ಲಿ ಹೂಡಿದ ಮೊಕದ್ದಮೆ ಸುಮಾರು 14 ಕೋಟಿ ಡಾಲರ್ ಪರಿಹಾರದೊಂದಿಗೆ ಮುಗಿಯಿತು, ಮೊಕದ್ದಮೆಗೆ ಕೊನೆಯಿತ್ತು, ಕಡಲತಳದ ಕೆಸರಿಗೆ ಇರಲಿಲ್ಲ.

ಇಷ್ಟಾದರೂ ಕಾನೂನು ತನ್ನ ಶಿಸ್ತನ್ನು ಬಿಟ್ಟುಕೊಟ್ಟಿಲ್ಲ. 28 ಇಂಚಿಗಿಂತ ಚಿಕ್ಕ ಬ್ಯಾರಕುಡಾ ಸಿಕ್ಕರೆ ಅದನ್ನು ನೀರಿಗೆ ಬಿಡಲೇಬೇಕು. 28 ಇಂಚು ತುಂಬಿದ್ದರೆ ಮನೆಗೆ ಒಯ್ಯಬಹುದು, ತಿನ್ನುವಂತಿಲ್ಲ. ನಮ್ಮ ಕೊಡ್ಡಾಯಿಯ ದಾಯಾದಿಯಾದ ವೈಟ್ ಕ್ರೋಕರ್ ದಿನಕ್ಕೆ ಹತ್ತರ ಮೇಲೆ ಒಂದೂ ಇಟ್ಟುಕೊಳ್ಳುವಂತಿಲ್ಲ, ಅಂದರೆ ತಿನ್ನಬಾರದ ಮೀನನ್ನು ಅತಿಯಾಸೆಯಿಂದ ಯಾರೂ ಬಾಚಿಕೊಳ್ಳದಂತೆ ಸರ್ಕಾರ ಕಾವಲು ಕೂತಿದೆ. ಉಳಿದ ಜಾತಿಗಳ ವಿಷಯದಲ್ಲೂ, ವಿಷ ಕೊಬ್ಬಿನಲ್ಲಿ ಕೂರುವುದರಿಂದ, ಚರ್ಮ ಸುಲಿದು ಮಾಂಸದ ಹೋಳನ್ನಷ್ಟೇ ತಿನ್ನಿರೆಂಬ ಸಲಹೆಯಿದೆ. ತಲೆ ಹಾಕದ ಮೀನಿನ ಸಾರನ್ನು ಸಾರೆಂದು ಕರೆಯುವ ಪದ್ಧತಿ ನಮ್ಮ ಮನೆಯಲ್ಲಿಲ್ಲ, ಇದನ್ನು ಹೆಂಡತಿಗೆ ಫೋನಿನಲ್ಲಿ ತಿಳಿಸಿದಾಗ, "ಹಾಗಾದರೆ ಅಲ್ಲಿ ಗಾಳ ಯಾಕೆ ಹಾಕುತ್ತಾರಂತೆ?" ಎಂದಳು. ಸರ್ಕಾರದ ಮುಂದಿಡಬೇಕಾದ ಪ್ರಶ್ನೆ ನನಗೆ ಬಂತು.

ನಮ್ಮ ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ಫಲಕಕ್ಕೇ ಕೋಲು ಒರಗಿಸಿಕೊಂಡು, ಗಾಳಕ್ಕೆ ಮೀನಿನ ಚೂರು ಸಿಕ್ಕಿಸಿ ಎಸೆಯುತ್ತಿದ್ದರು. ಬಕೆಟ್ಟಿನಲ್ಲಿ ಬೆಳ್ಳಗೆ ಹೊಳೆಯುವ ಕ್ರೋಕರ್‌ಗಳು ಒಂದರ ಮೇಲೊಂದು ಬಿದ್ದು ಕಿವಿರು ಅಗಲಿಸುತ್ತಿದ್ದವು. ಮೊಮ್ಮಗ ಬೆರಳು ಮಡಚಿ ಎಣಿಸಿ, "ಅಜ್ಜಾ, ಹತ್ತು" ಎಂದ. ಅಷ್ಟರಲ್ಲಿ ಮತ್ತೊಂದು ಕಚ್ಚಿತು. ಹಿರಿಯರು ಅದರ ಬಾಯಿಂದ ಕೊಕ್ಕೆಯನ್ನು ನಾಜೂಕಾಗಿ ಬಿಡಿಸಿ, ಬಕೆಟ್ಟಿನತ್ತ ಒಮ್ಮೆ ನೋಡಿ, ಕಾನೂನಿಗೆ ತಲೆಬಾಗಿ ಹನ್ನೊಂದನೆಯದನ್ನು ನೀರಿಗೆ ಬಿಟ್ಟರು. ಹತ್ತನ್ನು ಮನೆಗೆ ಒಯ್ದರು.