2,499ರ ಗೌನು, 180ರ ರೇನ್‌ಕೋಟು

ಮೇ ತಿಂಗಳಲ್ಲಿ ನಮ್ಮನೆ ಕೂಸಿಗೆ ಒಂದು ವರ್ಷ ತುಂಬ್ತು, ಅದಕ್ಕೊಂದು ಗೌನು ತಗೊಂಡ್ವಿ, ರೇಟು 2,499. ಜೂನ್ ಮೊದಲನೇ ವಾರ ಒಂದನೇ ಕ್ಲಾಸಿಗೆ ಹೋಗೋ ಮಾಣಿಗೆ, ಅಂದ್ರೆ ಮಗನಿಗೆ, ರೇನ್‌ಕೋಟು ತಗೊಂಡ್ವಿ, ರೇಟು 180. ಎರಡೂ ಶಿರಸಿ ಪೇಟೆಯ ಒಂದೇ ಅಂಗಡಿ, ಒಂದೇ ಕೌಂಟರು. ಗೌನಿಗೆ ನಾನು ಒಂದು ರೂಪಾಯಿ ಚೌಕಾಸಿ ಮಾಡ್ಲಿಲ್ಲ, ಯಾಕಂದ್ರೆ ಮಗಳ ಫಸ್ಟ್ ಬರ್ತ್‌ಡೇ, ಅಲ್ಲಿ ಚೌಕಾಸಿ ಮಾಡೋನು ಒಬ್ಬ ಅಪ್ಪನಾ? ರೇನ್‌ಕೋಟಲ್ಲಿ ಅವ್ರು ಮೊದ್ಲು ತೋರಿಸಿದ್ದು 700ರದ್ದು, ಹೊಲಿಗೆ ಮೇಲೆಲ್ಲ ಟೇಪ್ ಅಂಟಿಸಿದ್ದು, ಬೆನ್ನಲ್ಲಿ ಸ್ಕೂಲ್ ಬ್ಯಾಗ್ ಹಿಡಿಸೋಷ್ಟು ಜಾಗ ಬಿಟ್ಟಿದ್ದು. ನಾನು ಅದನ್ನ ಎರಡು ಬೆರಳಲ್ಲಿ ಮುಟ್ಟಿ ನೋಡಿ, "ಅಯ್ಯೋ ಮಾರಾಯ್ರೆ, ಮಕ್ಳ ರೇನ್‌ಕೋಟಿಗೆ ಏಳ್ನೂರಾ? ಮುಂದಿನ ವರ್ಷಕ್ಕೆ ಗಿಡ್ಡ ಆಗ್ತದೆ" ಅಂದೆ. ಗೌನು ಮುಂದಿನ ತಿಂಗಳಿಗೇ ಗಿಡ್ಡ ಆಗ್ತದೆ ಅನ್ನೋದು ಆಗ ತಲೆಗೆ ಹೊಳೀಲಿಲ್ಲ.

ಅಡಿಕೆ ಬೆಳೆಯೋರು ನಾವು. ಕ್ವಿಂಟಾಲಿಗೆ ಇನ್ನೂರು ರೂಪಾಯಿ ವ್ಯತ್ಯಾಸ ಆದ್ರೆ ರಾತ್ರಿ ನಿದ್ದೆ ಬಿಟ್ಟು ಲೆಕ್ಕ ಹಾಕೋರು. ಆ ಲೆಕ್ಕದ ಬುದ್ಧಿ ಮಕ್ಕಳ ಅಂಗಡಿ ಬಾಗಿಲಲ್ಲಿ ಚಪ್ಪಲಿ ಜೊತೆ ಯಾಕೆ ಕಳಚಿಡ್ತೀವೋ ಗೊತ್ತಿಲ್ಲ. ಈಗ ಹಾಕಿ ನೋಡಿ: ಜೂನಿಂದ ಸೆಪ್ಟೆಂಬರ್ ತನಕ, ಕರಾವಳಿಯಲ್ಲಂತೂ ಈ ನಾಲ್ಕೇ ತಿಂಗಳಲ್ಲಿ 3000 ಮಿಲಿಮೀಟರ್ ದಾಟೋದು ವಾಡಿಕೆ ಮಳೆ, ಘಟ್ಟದ ಮೇಲೆ ನಮ್ಗೂ ಏನು ಕಮ್ಮಿ ಇಲ್ಲ. ಡಿಸಿ ಸಾಹೇಬ್ರು ಕೊಡೋ ಮಳೆ ರಜೆ, ಭಾನುವಾರ, ಹಬ್ಬ ಎಲ್ಲ ಕಳೆದು ಎಂಬತ್ತು ದಿನ ಸ್ಕೂಲು ಹಿಡಿರಿ, ಹೋಗೋದು ಬರೋದು ಸೇರಿ 160 ಸಲ. 700ನ 160ರಿಂದ ಭಾಗಿಸಿದ್ರೆ ಒಂದು ಸಲಕ್ಕೆ ನಾಲ್ಕು ರೂಪಾಯಿ ಮೂವತ್ತೇಳು ಪೈಸೆ, ತೋಳು ಒಂದು ಮಡಿಕೆ ಹೆಚ್ಚಿಗೆ ಇರೋದನ್ನ ತಗೊಂಡು ಎರಡು ವರ್ಷ ಹಾಕಿಸಿದ್ರೆ ಅದರ ಅರ್ಧ. ಗೌನು ಹಾಕಿದ್ದು ಒಂದೇ ಸಲ. 2,499ನ ಒಂದರಿಂದ ಭಾಗಿಸೋಕೆ ಕ್ಯಾಲ್ಕುಲೇಟರ್ ಬೇಕಾಗಿಲ್ಲ.

ಅಂದಹಾಗೆ ಆ 2,499 ಸುಮ್ನೆ ಬಂದ ನಂಬರ್ ಅಲ್ಲ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯಲ್ಲಿ ಹೊಸ ಗೆರೆ ಎಳೆದ್ರಲ್ಲ, ಒಂದು ಬಟ್ಟೆ 2,500ರ ಒಳಗಿದ್ರೆ 5 ಪರ್ಸೆಂಟ್, ದಾಟಿದ್ರೆ 18. ಮೊದ್ಲು ಆ ಗೆರೆ ಸಾವಿರದಲ್ಲಿ ಇತ್ತು, ಆಗ ಟ್ಯಾಗಲ್ಲೆಲ್ಲ 999 ಕಾಣ್ತಿತ್ತು. ಅದೇ ದಿನ ಮಕ್ಕಳ ಡೈಪರು, ಹಾಲಿನ ಬಾಟ್ಲಿ ಎರಡೂ 12ರಿಂದ 5ಕ್ಕೆ ಇಳಿದ್ವು, ನೋಟ್‌ಬುಕ್ಕು ಪೆನ್ಸಿಲ್ಲಿಗೆ ತೆರಿಗೇನೇ ಹೋಯ್ತು. ಸರ್ಕಾರ ಕೂಡ ಒಂದು ಲೆಕ್ಕದಲ್ಲಿ ಅಗತ್ಯ ಯಾವ್ದು ಶೋಕಿ ಯಾವ್ದು ಅಂತ ಬೇರ್ಪಡಿಸಿ ಇಟ್ಟಿದೆ. ನಾವು ಶೋಕಿಯ ಗೆರೆಗೆ ಒಂದು ರೂಪಾಯಿ ಕಮ್ಮಿ ನಿಂತು, ಉಳಿತಾಯ ಮಾಡಿದ್ವಿ ಅಂತ ಬೆನ್ನು ತಟ್ಕೊಂಡ್ವಿ.

ಗೌನಿನ ಕಥೆ ಪೂರ್ತಿ ಹೇಳ್ತೇನೆ ಕೇಳಿ. ಮೇಲೆ ನೆಟ್ಟು, ಅದರ ಮೇಲೆ ಮಿಂಚು, ಒಳಗೆ ಪಾಲಿಯೆಸ್ಟರ್ ಲೈನಿಂಗು, ಬೆನ್ನ ಹಿಂದೆ ಚಿಟ್ಟೆ ರೆಕ್ಕೆ. ಬರ್ತ್‌ಡೇಗೆ ಮೊದ್ಲು ಫೋಟೋ ಶೂಟ್ ಆಗ್ಬೇಕು ಅಂತ ಕಾರವಾರದಲ್ಲಿರೋ ನನ್ನ ತಂಗಿ ಮನೆಗೆ ಹೋಗಿ, ಅಲ್ಲಿಂದ ಟಾಗೋರ್ ಬೀಚಿಗೆ ಹೋದ್ವಿ. ಮೇ ತಿಂಗಳ ಕಾರವಾರ ಗೊತ್ತಲ್ಲ, ನಿಂತಲ್ಲೇ ಬೆವರು ಇಳೀತದೆ. ಕೂಸು ಒಂದ್ಸಲ ಅಲೆ ನೋಡ್ತು, ಒಂದ್ಸಲ ರೆಕ್ಕೆ ನೋಡ್ತು, ಆಮೇಲೆ ಶುರು ಮಾಡಿದ ಅಳು ಒಂದೂವರೆ ತಾಸು ನಿಲ್ಸಲಿಲ್ಲ. ಕುತ್ತಿಗೆ ಸುತ್ತ ಕೆಂಪಗೆ ಬೆವರುಸಾಲೆ ಎದ್ದಿತ್ತು. ಫೋಟೋಗ್ರಾಫರ್ ಹುಡುಗ ಬಹಳ ಸಮಾಧಾನಿ, "ಅಣ್ಣ ಟೆನ್ಶನ್ ಬೇಡ, ಅಳೋದನ್ನ ಎಡಿಟಿಂಗಲ್ಲಿ ತೆಗೀಬಹುದು, ಸ್ವಲ್ಪ ಎಕ್ಸ್ಟ್ರಾ ಆಗ್ತದೆ" ಅಂದ. ಕೊಟ್ಟೆ. ಈಗ ನಮ್ಮನೆ ಗೋಡೆ ಮೇಲೆ ಕೂಸು ನಗ್ತಾ ಇದೆ, ಆ ನಗು ಯಾರದ್ದೋ ದೇವ್ರಿಗೇ ಗೊತ್ತು.

ಮನೆಗೆ ಬಂದು ಗೌನು ಬಿಚ್ಚಿದ ಕೂಡ್ಲೇ ಆಯಿ ತನ್ನ ಹಳೇ ಹತ್ತಿ ಸೀರೆಲಿ ಹೊಲಿದ ಜಬ್ಲಾ ಹಾಕಿದ್ಲು. ಎರಡೇ ನಿಮಿಷಕ್ಕೆ ನಿದ್ದೆ. ಅಪ್ಪಯ್ಯ ಆ ಗೌನನ್ನ ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, "ಎಷ್ಟು ಕೊಟ್ಯ ತಮಾ ಇದಕ್ಕೆ?" ಅಂದ್ರು, ನಾನು ಸಾವಿರ ಕಡಿಮೆ ಮಾಡಿ ಹೇಳಿದೆ, ಆದ್ರೂ ಅವ್ರು ಆ ದಿನ ಸಂಜೆ ಚಾ ಕುಡೀಲಿಲ್ಲ.

ಒಂದು ವರ್ಷದೊಳಗಿನ ಮಗುವಿನ ಬಟ್ಟೆಗೆ ದುಡ್ಡು ಸುರಿಯೋದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೇನೇ. ಹುಟ್ಟಿದಾಗ 50 ಸೆಂಟಿಮೀಟರ್ ಇರೋದು ವರ್ಷಕ್ಕೆ 75 ಆಗ್ತದೆ, ತೂಕ ಐದು ತಿಂಗಳಿಗೆ ಡಬಲ್ಲು, ವರ್ಷಕ್ಕೆ ಮೂರು ಪಟ್ಟು. ಈ ರೇಟಲ್ಲಿ ನಮ್ಮ ತೋಟ ಬೆಳೆದಿದ್ರೆ ನಾನು ಈ ಲೇಖನ ಬರೀತಾ ಕೂರ್ತಿರ್ಲಿಲ್ಲ. ಆ ವಯಸ್ಸಿಗೆ ನೆಂಟರ ಮಕ್ಕಳದ್ದು ಹಾಕಿ ಬಿಟ್ಟ ಬಟ್ಟೇನೇ ಚಿನ್ನ, ಇಪ್ಪತ್ತು ಸಲ ಒಗೆದು ಮೆತ್ತಗಾಗಿರ್ತದೆ, ಅದ್ರಲ್ಲಿ ಚುಚ್ಚೋದು ಏನೂ ಉಳಿದಿರಲ್ಲ. ಆದ್ರೆ ಈಗ ಹಳೇ ಬಟ್ಟೆ ಕೊಟ್ರೆ ಮರ್ಯಾದೆ ಪ್ರಶ್ನೆ. ಅದೇ ಹಳೇ ಸೀರೆ ಜಬ್ಲಾನ ಯಾರಾದ್ರೂ ಕಂದು ಬಣ್ಣದ ಡಬ್ಬಿಲಿ ಹಾಕಿ, ಎಲೆ ಚಿತ್ರ ಬಿಡ್ಸಿ, ಆರ್ಗ್ಯಾನಿಕ್ ಅಂತ ಬರೆದು 1,200ಕ್ಕೆ ಕೊಟ್ರೆ ನಾವೇ ಕ್ಯೂ ನಿಲ್ತೀವಿ. ಇನ್ನು ನಡೆಯೋಕೇ ಬರದ ಮಗುವಿಗೆ ಶೂ. ಅದ್ರಲ್ಲೂ ಲೈಟ್ ಹತ್ತೋದು, ಚೂಂಯ್ ಚೂಂಯ್ ಅನ್ನೋದು. ಕಾಲು ನೆಲಕ್ಕೆ ಊರದ ಮಗುವಿಗೆ ಹಾರ್ನ್ ಯಾಕೆ ಬೇಕು ಅಂತ ನಾನು ಬಹಳ ಯೋಚನೆ ಮಾಡಿದ್ದೇನೆ.

ಇಷ್ಟು ಹೇಳಿ ನಾನು ಜುಗ್ಗ ಅಂತ ತಿಳ್ಕೋಬೇಡಿ. ತಂಗಿ ಮನೆಯದ್ದು ಕೇಳಿದ್ರೆ ನಾನೇ ವಾಸಿ ಅಂತೀರಿ. ಅವಳ ಮಗ ಅಲ್ಲೊಂದು ಇಂಗ್ಲಿಷ್ ಮೀಡಿಯಂ ಸ್ಕೂಲು. ಯೂನಿಫಾರ್ಮ್ ಲಿಸ್ಟಲ್ಲಿ ಬ್ಲೇಜರ್ ಇದೆ, ಟೈ ಇದೆ. ಕಾರವಾರದಲ್ಲಿ! ಜನವರಿ ಬೆಳಗಿನ ಜಾವಕ್ಕೂ 20 ಡಿಗ್ರಿ ಆಸುಪಾಸು ಇರೋ ಊರಲ್ಲಿ, ಮೀನು ಮಾರೋ ಅಕ್ಕಂದಿರು ಸೆರಗಲ್ಲಿ ಗಾಳಿ ಹಾಕ್ಕೊಳ್ಳೋ ಊರಲ್ಲಿ, ಏಳು ವರ್ಷದ ಪೋರನಿಗೆ ಲಂಡನ್ನಿನ ಚಳಿಗೆ ಹೊಲಿಸಿದ ಕೋಟು. ಅದೂ ಸ್ಕೂಲಿನವ್ರು ಹೇಳಿದ ಅಂಗಡಿಯಲ್ಲೇ ತಗೋಬೇಕು, ಅವ್ರು ಹೇಳಿದ ರೇಟಿಗೇ. ವರ್ಷಕ್ಕೆ ಎರಡು ಸಲ ಹಾಕ್ತಾನೆ, ಗ್ರೂಪ್ ಫೋಟೋಗೆ ಒಂದು, ಗ್ಯಾದರಿಂಗಿಗೆ ಒಂದು. ಉಳಿದ ದಿನ ಕಪಾಟಲ್ಲಿ ತೂಗ್ತದೆ, ಆಗಸ್ಟಲ್ಲಿ ತೆಗೆದು ನೋಡಿದ್ರೆ ಕಾಲರ್ ತುಂಬ ಬೆಳ್ಳಗೆ ಬೂಸ್ಟು. ಮೀಟಿಂಗಲ್ಲಿ ಒಬ್ರು ಪೇರೆಂಟು ಎದ್ದು ಈ ಸೆಖೆಗೆ ಬ್ಲೇಜರ್ ಯಾಕೆ ಅಂತ ಕೇಳಿದ್ರಂತೆ. "ಡಿಸಿಪ್ಲಿನ್" ಅಂತ ಉತ್ತರ ಬಂತಂತೆ. ಫ್ಯಾನಿನ ಕೆಳಗೆ ಕೂತು ಹೇಳಿದವ್ರು ಅರ್ಧ ತೋಳಿನ ಅಂಗಿ ಹಾಕಿದ್ರಂತೆ.

ಶೂ ಕಥೆಯೂ ಹಾಗೇ. ಮಳೆಗಾಲದಲ್ಲಿ ಕಪ್ಪು ಶೂ, ಸಾಕ್ಸು, ಪಾಲಿಶ್ ಚೆಕ್ಕಿಂಗು. ಗೇಟಿಂದ ಕ್ಲಾಸಿಗೆ ಹೋಗೋದ್ರೊಳಗೆ ಶೂ ಒಳಗೊಂದು ಸಣ್ಣ ಕಾಳಿ ನದಿ ಹರೀತದೆ. ಸಂಜೆ ಅದಕ್ಕೆ ಪೇಪರ್ ತುರುಕಿ ಫ್ರಿಜ್ ಹಿಂದೆ ಇಡೋದು, ನಮ್ಮ ಕಡೆ ಬಚ್ಚಲೊಲೆ ಪಕ್ಕ ಇಡೋದು, ಬೆಳಿಗ್ಗೆ ಅರ್ಧ ಒದ್ದೆ ಅರ್ಧ ಹೊಗೆ ವಾಸನೆ, ಹಾಕ್ಕೊಂಡು ಹೋಗೋದು. ಸರ್ಕಾರಿ ಶಾಲೇಲಿ ನೋಡಿ, ಮಕ್ಕಳಿಗೆ ಒಂದು ಜೊತೆ ಶೂ ಎರಡು ಜೊತೆ ಸಾಕ್ಸಿಗೆ ದುಡ್ಡು ಕೊಡ್ತಾರೆ, 2022-23ರಲ್ಲಿ ಐದನೇ ಕ್ಲಾಸಿನ ತನಕ 265 ರೂಪಾಯಿ. ಕಮ್ಮಿನೇ ಅನ್ನಿ. ಆದ್ರೆ ಊರಿನ ಹವೆ ನೋಡ್ಕೊಂಡು ಶೂ ಬದ್ಲು ಸ್ಯಾಂಡಲ್ಲೂ ತಗೋಬಹುದು ಅನ್ನೋ ಅವಕಾಶ ಕೊಟ್ರು. 265 ರೂಪಾಯಿ ಕೊಡೋರಿಗೆ ಮಳೆ ಬರ್ತದೆ ಅಂತ ಗೊತ್ತಿದೆ, ಅರವತ್ತು ಸಾವಿರ ಫೀ ತಗೊಳ್ಳೋರಿಗೆ ಗೊತ್ತಿಲ್ಲ.

ಇನ್ನು ಹೆಲ್ಮೆಟ್. ಇಲ್ಲಿ ನನ್ನ ತಪ್ಪೇ ಜಾಸ್ತಿ ಇರೋದ್ರಿಂದ ಸ್ವಲ್ಪ ಮೆತ್ತಗೆ ಹೇಳ್ತೇನೆ. 2023ರ ಫೆಬ್ರವರಿಯಿಂದ ರೂಲ್ಸ್ ಇದೆ, ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗು ಬೈಕಲ್ಲಿದ್ರೆ ತಲೆಗೆ ಹೆಲ್ಮೆಟ್ಟು, ಓಡಿಸೋರ ಮೈಗೆ ಕಟ್ಟೋ ಬೆಲ್ಟು, ಸ್ಪೀಡು 40 ದಾಟಬಾರದು. ನಾಲ್ಕು ದಾಟಿದೋರಿಗೆ ದೊಡ್ಡೋರ ಹಾಗೇ ಹೆಲ್ಮೆಟ್ ಕಡ್ಡಾಯ. ಇದ್ರಲ್ಲಿ ಸ್ಪೀಡಿನ ಭಾಗವನ್ನ ನಮ್ಮ ಘಟ್ಟದ ರೋಡುಗಳು ತಾವಾಗೇ ನೋಡ್ಕೊಳ್ತವೆ, ಉಳಿದ ಎರಡು ನಮ್ಮ ಪಾಲಿಂದು. ನಮ್ಮ ಮಾಣಿ ಸ್ಕೂಟಿ ಮುಂದೆ ನಿಂತ್ಕೊಂಡು ಐದು ರೋಡ್ ಸರ್ಕಲ್ ದಾಟ್ತಾನೆ, ತಲೆಗೆ ಏನಿಲ್ಲ, ಕಣ್ಣಿಗೆ ಜಾತ್ರೇಲಿ ಕೊಡಿಸಿದ ಕೂಲಿಂಗ್ ಗ್ಲಾಸ್ ಇದೆ. ಮಕ್ಕಳ ಹೆಲ್ಮೆಟ್ ಕೇಳಿದೆ, ಐಎಸ್‌ಐ ಮಾರ್ಕಿಂದು ಸಾವಿರದ ಹತ್ರ ಅಂದ್ರು, "ಇಲ್ಲೇ ಅಲ್ವಾ ಓಡಾಡೋದು" ಅಂತ ವಾಪಸ್ ಬಂದೆ. ಬಂದವನು ಅದೇ ವಾರ ಗೌನಿಗೆ ಹೊಂದೋ ಹೇರ್‌ಬ್ಯಾಂಡ್ 350 ಕೊಟ್ಟು ತಗೊಂಡೆ. ಅಂದ್ರೆ ತಲೆಗೆ ಖರ್ಚು ಮಾಡ್ಲಿಲ್ಲ ಅಂತ ಹೇಳೋ ಹಾಗಿಲ್ಲ. ಹಳೇ ಬಟ್ಟೆ ಚಿನ್ನ ಅಂದ್ನಲ್ಲ, ಹೆಲ್ಮೆಟ್ಟಿಗೆ ಮಾತ್ರ ಆ ಮಾತು ನಡೆಯೋದಿಲ್ಲ. ಒಮ್ಮೆ ಜೋರಾಗಿ ಬಿದ್ದು ಪೆಟ್ಟು ತಿಂದಿದ್ರೆ ಒಳಗಿನ ಥರ್ಮೋಕೋಲು ತನ್ನ ಕೆಲಸ ಮುಗಿಸಿರ್ತದೆ, ಮೇಲಿಂದ ನೋಡಿದ್ರೆ ತಿಳಿಯೋದೂ ಇಲ್ಲ. ನೆಂಟರ ಕಡೆಯಿಂದ ಜಬ್ಲಾ ತಗೊಳ್ಳಿ, ಹೆಲ್ಮೆಟ್ ತಗೋಬೇಡಿ. ನಾವು ಸರಿಯಾಗಿ ಉಲ್ಟಾ ಮಾಡ್ತೀವಿ.

ನಮ್ಮೂರಲ್ಲಿ ಮಕ್ಕಳ ಬಟ್ಟೆಗೆ ಬ್ರ್ಯಾಂಡ್ ಅಂತ ಒಂದೇ ಇರೋದು, ಅದು ಒಣಗೋ ಟೈಮು. ಜುಲೈಯಲ್ಲಿ ಮಕ್ಕಳ ಜೀನ್ಸ್ ಒಗೆದ್ರೆ ನಾಲ್ಕು ದಿನ, ಆಮೇಲೂ ಸೊಂಟದ ಪಟ್ಟಿ ಒದ್ದೆ. ಒಂದು ದುಬಾರಿ ಚಡ್ಡಿಗಿಂತ ನಾಲ್ಕು ತೆಳು ಹತ್ತಿ ಚಡ್ಡಿ ಮೇಲು. ಯೂನಿಫಾರ್ಮ್ ಮೂರನೇ ಜೊತೆ ತಗೊಂಡವ್ರೇ ಬುದ್ಧಿವಂತರು. ಮಕ್ಕಳ ಕೊಡೆಗೆ ಮೊಲದ ಕಿವಿ ಬೇಕಾಗಿಲ್ಲ, ಕಡ್ಡಿ ಗಟ್ಟಿ ಬೇಕು, ಯಾಕಂದ್ರೆ ಸಮುದ್ರದ ಗಾಳಿ ಕಿವಿ ನೋಡಿ ಬಿಡೋದಿಲ್ಲ. ಘಟ್ಟದ ಮೇಲಿನೋರಿಗೆ ಗಮ್‌ಬೂಟು ಬೇಕು, ಯಾಕಂದ್ರೆ ಉಂಬಳ, ಅಂದ್ರೆ ಜಿಗಣೆ, ಕಾಲಿಗೆ ಹತ್ತಿ ಒಮ್ಮೆ ಅಭ್ಯಾಸ ಆದ್ರೆ ತೋಟದ ದಾರಿಯಲ್ಲಿ ದಿನಾ ಕಾಯ್ತಾ ಕೂತಿರ್ತದೆ. ಇದೆಲ್ಲ ಗೊತ್ತಿದ್ದೂ ಅಂಗಡಿಗೆ ಹೋದಾಗ ಕೈ ಮಿಂಚಿನ ಕಡೆಗೇ ಹೋಗ್ತದೆ.

180ರ ರೇನ್‌ಕೋಟು ಹನ್ನೊಂದು ದಿನ ಬಾಳ್ತು. ಮೊದ್ಲು ಕಂಕುಳಲ್ಲಿ ಹರೀತು, ನಾನು ಟೇಪ್ ಹಚ್ಚಿದೆ. ಆಮೇಲೆ ಟೇಪ್ ಗಟ್ಟಿ ಉಳೀತು, ಅದರ ಸುತ್ತ ಹರೀತು. ಹನ್ನೆರಡನೇ ದಿನ ಬೆಳಿಗ್ಗೆ ಧೋ ಅಂತ ಮಳೆ, ಬಸ್ಸಿಗೆ ಹತ್ತು ನಿಮಿಷ ಇದೆ, ಅಪ್ಪಯ್ಯ ಏನೂ ಮಾತಾಡ್ದೆ ಕೊಟ್ಟಿಗೆಗೆ ಹೋಗಿ ತೊಳೆದಿಟ್ಟಿದ್ದ ಗೊಬ್ಬರ ಚೀಲ ತಂದು, ಒಂದು ಮೂಲೆನ ಇನ್ನೊಂದು ಮೂಲೆ ಒಳಗೆ ತುರುಕಿ ಕೊಪ್ಪೆ ಮಾಡಿ ಮಾಣಿ ತಲೆ ಮೇಲೆ ಇಟ್ರು. ಖರ್ಚು ಸೊನ್ನೆ. ಬ್ಯಾಗ್ ಸಮೇತ ಒಳಗೆ. ಸಂಜೆ ಅವ್ನು ಒಂದು ಹನಿ ನೆನೆಯದೆ ಬಂದ, ಹಿಂದೆ ಇನ್ನೂ ಮೂರು ಮಕ್ಳು ನಮ್ಗೂ ಕೊಪ್ಪೆ ಬೇಕು ಅಂತ ಬಂದ್ವು.

ರಾತ್ರಿ ಸ್ಕೂಲ್ ವಾಟ್ಸಾಪ್ ಗ್ರೂಪಲ್ಲಿ ಮೆಸೇಜು. ಡಿಯರ್ ಪೇರೆಂಟ್ಸ್, ಮಕ್ಕಳನ್ನ ಚೀಲ ಹೊದಿಸಿ ಕಳಿಸೋದು ಸಂಸ್ಥೆಯ ಶಿಸ್ತಿಗೆ ತಕ್ಕದ್ದಲ್ಲ, ರೇನ್‌ಕೋಟ್ ಮಾತ್ರ, ಆದಷ್ಟು ನೇವಿ ಬ್ಲೂ. ಕೆಳಗೆ ಮೂವತ್ತು ಜನ ಹೆಬ್ಬೆಟ್ಟು ಒತ್ತಿದ್ರು. ನಾನೂ ಒತ್ತಿದೆ, ಫೀ ಒಂದು ಕಂತು ಬಾಕಿ ಇತ್ತು.

ಹಾಗೆ ಹೀಗೆ ಕೊಡೆ ಹಿಡಿದು ಎರಡು ತಿಂಗಳು ದೂಡಿ, ಚೌತಿಗೆ ಹದಿನೈದು ದಿನ ಇರುವಾಗ ಕೊನೆಗೂ 700 ರೂಪಾಯಿ ಜೇಬಲ್ಲಿಟ್ಕೊಂಡು, ಈ ಸಲ ಚೌಕಾಸಿ ಮಾಡೋದೇ ಇಲ್ಲ ಅಂತ ಗಟ್ಟಿ ಮನಸ್ಸು ಮಾಡಿ ಅದೇ ಅಂಗಡಿಗೆ ಹೋದೆ.

"ರೇನ್‌ಕೋಟು ಎಲ್ಲಿ ಹೆಗಡೇರೆ ಈಗ, ಜೂನಲ್ಲೇ ಖಾಲಿ. ಚೌತಿ ಮಾಲು ನಿನ್ನೆ ಬಂತು, ಮಾಣಿಗೆ ಸಣ್ಣ ಶೆರ್ವಾನಿ ಇದೆ, ಪೇಟ ಸಮೇತ, ತೋರಿಸ್ಲಾ? ಎಷ್ಟು ವರ್ಷದವ್ನು?"

ಹೊರಗೆ ಮಳೆ ಸುರೀತಾನೇ ಇತ್ತು.

"ಆರು," ಅಂದೆ.