ಸೊಪ್ಪಿನ ಗಾಡಿಗೊಂದು ಸ್ಕ್ರೂಗೇಜ್

ಎರಡು ಕಟ್ಟು ಕೊತ್ತಂಬರಿ ತರಲು ಹೊರಟವರು ಚಿಲ್ಲರೆಯ ಜೊತೆ ಪಿಯುಸಿ ಪ್ರಯೋಗಾಲಯದಲ್ಲಿ ತೆಳು ವಸ್ತುಗಳ ದಪ್ಪ ಅಳೆಯುವ ಸ್ಕ್ರೂಗೇಜನ್ನೂ ಒಯ್ಯುವುದು ಕ್ಷೇಮ. ಸೊಪ್ಪು ಬಾಡಿದೆಯೇ ಎಂದು ನೋಡಿದರೆ ಸಾಲದು, ಪ್ಲಾಸ್ಟಿಕ್ ಕವರ್ ಎಷ್ಟು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪವಿದೆ ಎಂದೂ ನೋಡಬೇಕು.

ಕವರಿನ ಕನಿಷ್ಠ ದಪ್ಪವನ್ನು ಗೊತ್ತುಮಾಡುವ ಕೆಲಸವನ್ನು ಕೇಂದ್ರ ಸರ್ಕಾರ 1999ರಲ್ಲಿ 20 ಮೈಕ್ರಾನಿನಿಂದ ಆರಂಭಿಸಿತು. ಅದಕ್ಕಿಂತ ತೆಳ್ಳಗಿದ್ದರೆ ಅಪರಾಧ. 2011ರಲ್ಲಿ ಮಿತಿ 40 ಆಯಿತು, 2016ರಲ್ಲಿ 50, 2021ರ ಸೆಪ್ಟೆಂಬರ್ ಕೊನೆಗೆ 75, 2022 ಮುಗಿಯುವ ಹೊತ್ತಿಗೆ 120. ದಪ್ಪವಾದರೆ ದುಬಾರಿ, ದುಬಾರಿಯಾದರೆ ಪುಕ್ಕಟೆ ಕೊಡುವುದಿಲ್ಲ, ಚಿಂದಿ ಆಯುವವರಿಗೂ ನಾಲ್ಕು ಕಾಸು ಎಂಬುದು ತರ್ಕ. ಒಪ್ಪೋಣ. ಆದರೆ ಪ್ಲಾಸ್ಟಿಕ್ ಕಡಿಮೆ ಮಾಡಲು ಹೊರಟ ನೀತಿಗೆ ವಿಧೇಯನಾಗಿ ನಡೆದುಕೊಳ್ಳುವವನು ಅದೇ ಅಳತೆಯ ಕವರಿಗೆ ಈಗ ಆರು ಪಟ್ಟು ಪ್ಲಾಸ್ಟಿಕ್ ಬಳಸಬೇಕು!

ನಮ್ಮ ರಾಜ್ಯ ಇಷ್ಟು ಲೆಕ್ಕ ಹಾಕುವ ಗೋಜಿಗೇ ಹೋಗಲಿಲ್ಲ. 2016ರ ಮಾರ್ಚಿನಲ್ಲಿ ದಪ್ಪ-ತೆಳುವೆಂಬ ಭೇದವಿಲ್ಲದೆ ಕವರ್, ಫ್ಲೆಕ್ಸ್, ತಟ್ಟೆ, ಲೋಟ ಎಲ್ಲವನ್ನೂ ನಿಷೇಧಿಸಿ ಕೈತೊಳೆದುಕೊಂಡಿತು. ದೆಹಲಿಯ ಪ್ರಕಾರ ದಪ್ಪಗಿರಬೇಕಾದ ಕವರ್ ಬೆಂಗಳೂರಿನ ಪ್ರಕಾರ ಇರಲೇಬಾರದು. ಸೊಪ್ಪಿನಮ್ಮನ ಗಾಡಿಗೆ ನೇತುಹಾಕಿದ ಕವರ್ ಗೊಂಚಲು ಈ ಎರಡೂ ಸರ್ಕಾರಗಳಿಗೆ ಪಕ್ಷಪಾತವಿಲ್ಲದೆ ಗಾಳಿಯಲ್ಲಿ ಕೈಬೀಸುತ್ತಿರುತ್ತದೆ.

ಆಗಾಗ ದಾಳಿಯೂ ನಡೆಯುತ್ತದೆ. ಗೊಂಚಲು ಜಪ್ತಿ, ದಂಡಕ್ಕೆ ರಸೀದಿ, ಒಂದು ಫೋಟೋ. ಕವರ್ ತಯಾರಿಸುವ ಕಾರ್ಖಾನೆಯ ವಿಳಾಸ ಯಾರಿಗೂ ಸಿಗುವುದಿಲ್ಲ. ತಳ್ಳುಗಾಡಿಗೆ ವಿಳಾಸವೇ ಇಲ್ಲದಿದ್ದರೂ ಅದು ಥಟ್ಟನೆ ಸಿಗುತ್ತದೆ.

ಪಕ್ಕದ ಅಂಗಡಿಯಲ್ಲಿ ತೋರಣದಂತೆ ತೂಗುವ ಚಿಪ್ಸ್ ಪೊಟ್ಟಣಗಳತ್ತ ಮಾತ್ರ ದಾಳಿಯವರು ಕತ್ತೆತ್ತಿಯೂ ನೋಡುವುದಿಲ್ಲ. ನೋಡಬೇಕಾಗಿಯೂ ಇಲ್ಲ. ಚಿಪ್ಸ್ ಪೊಟ್ಟಣದಂಥ, ಮರುಬಳಕೆಗೆ ಬಾರದ ಬಹುಪದರ ಪ್ಲಾಸ್ಟಿಕ್ ಎರಡು ವರ್ಷಗಳಲ್ಲಿ ತೊಲಗಬೇಕೆಂದು 2016ರ ಕೇಂದ್ರ ನಿಯಮ ಗುಡುಗಿದ್ದು ನಿಜ. ಗಡುವು ಮುಗಿಯುವ ಹೊತ್ತಿಗೆ, 2018ರಲ್ಲಿ, ಸಣ್ಣದೊಂದು ತಿದ್ದುಪಡಿ ಬಂತು: ಮರುಬಳಕೆ ಮಾಡಲಾಗದ, ಸುಟ್ಟು ಶಕ್ತಿ ಪಡೆಯಲಾಗದ ಅಥವಾ ಬೇರೆ ಉಪಯೋಗವಿಲ್ಲದ ಪೊಟ್ಟಣ ಮಾತ್ರ ತೊಲಗಿದರೆ ಸಾಕು. ಸುಟ್ಟರೆ ಉರಿಯದ ಪ್ಲಾಸ್ಟಿಕ್ ಎಲ್ಲಿಂದ ತರುವುದು? ಪೊಟ್ಟಣ ಪಾರಾಯಿತು.

ಹಾಗೆ ನೋಡಿದರೆ ಸೊಪ್ಪಿನಮ್ಮನ ಕವರಿನಲ್ಲೂ ಈ ಗುಣಗಳಿಗೆ ಕೊರತೆಯಿಲ್ಲ. ಬೆಳಗ್ಗೆ ಹಂಡೆಯ ಒಲೆ ಹೊತ್ತಿಸಲು ಬರುತ್ತದೆ, ಮಳೆ ಬಂದರೆ ತಲೆಗೆ ಟೋಪಿಯಾಗುತ್ತದೆ. ತಿದ್ದುಪಡಿಗೆ ಅರ್ಜಿ ಹಾಕಲು ಆಕೆಗೆ ಒಬ್ಬ ವಕೀಲರು ಬೇಕಾಗಿದ್ದಾರೆ. ಶುಲ್ಕದ ಬದಲು ದಿನಾ ಒಂದು ಕಟ್ಟು ದಂಟು ಕೊಡುತ್ತಾರಂತೆ, ಕವರ್ ಮಾತ್ರ ವಕೀಲರೇ ತರಬೇಕು.