ಆ ಇಬ್ಬರಿಗೆ ಏನು ಬೇಕೆಂದು ಚೆನ್ನಾಗಿ ಗೊತ್ತಿತ್ತು

ನಿನ್ನೆ ರಾತ್ರಿ ಗೆಳೆಯರೆಲ್ಲ ಸೇರಿದ್ದಾಗ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತಕ್ಕೆ ಡಿಸ್ಕೊ ಬೆರೆಸಿದ ‘ಕಾರ್ನಿವಲ್ ಇನ್ ಕೋಲ್’ ತಂಡದ ಮೊದಲ ಆಲ್ಬಂ ‘ವಿವಾಲಾವಿಡಾ’ ಹಾಕಿದೆ. ಎರಡನೆಯ ಹಾಡು ಮುಗಿಯುವ ಮೊದಲೇ ಒಬ್ಬರು ನನ್ನ ಫೋನ್ ಎತ್ತಿಕೊಂಡು ನಿಲ್ಲಿಸಿಬಿಟ್ಟರು. “ಏನಿದು ಕಲಸುಮೇಲೋಗರ? ಇವರಿಗೆ ಏನು ಬೇಕೆಂದು ಇವರಿಗೇ ಗೊತ್ತಿಲ್ಲ” ಎಂದರು. ಉಳಿದವರು ನಕ್ಕರು. ನನಗೆ ನಗು ಬರಲಿಲ್ಲ. ಅಲ್ಲೇ ವಾದಕ್ಕಿಳಿದಿದ್ದರೆ ಎಲ್ಲರ ಊಟ ಕೆಡುತ್ತಿತ್ತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಕ್ಕವರು ಮೆಟಲ್ ಗೊತ್ತಿಲ್ಲದವರೇನಲ್ಲ. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಎಂಬ ಮೆಟಲ್ ತಂಡಗಳು ಬೆಂಗಳೂರಿಗೆ ಬಂದಾಗ ಅರಮನೆ ಮೈದಾನದಲ್ಲಿ ನನ್ನ ಪಕ್ಕದಲ್ಲೇ ನಿಂತು ಗಂಟಲು ಹರಿದುಕೊಂಡವರು. 2024ರ ಪ್ಯಾರಿಸ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಗೊಜೀರಾ ಎಂಬ ಮೆಟಲ್ ತಂಡ ಒಪೆರಾ ಗಾಯಕಿ ಮರೀನಾ ವಿಯೊಟ್ಟಿ ಜೊತೆ ನುಡಿಸಿದ್ದನ್ನು ಕಂಡು ಮೈ ಜುಮ್ಮೆಂದಿತು ಎಂದವರು. ಹಾಗಾದರೆ ಮೆಟಲ್ ಪಕ್ಕದಲ್ಲಿ ಒಪೆರಾ ಕೂರಬಹುದು, ಡಿಸ್ಕೊ ಮಾತ್ರ ಕೂರಬಾರದು! ಒಪೆರಾ ದೊಡ್ಡದು, ಡಿಸ್ಕೊ ಅಗ್ಗದ್ದು ಎಂಬ ಎಣಿಕೆಯಲ್ಲದೆ ಇದಕ್ಕೆ ಬೇರೆ ಕಾರಣ ನನಗೆ ಕಾಣುತ್ತಿಲ್ಲ. ಕೇಳುವ ಕಿವಿಗೂ ಮಡಿ-ಮೈಲಿಗೆಯೇ?

ಕಾರ್ನಿವಲ್ ಇನ್ ಕೋಲ್ ಎಂದರೆ ಉತ್ತರ ಫ್ರಾನ್ಸಿನ ಅಮಿಯಾಂ ಎಂಬ ಊರಿನ ಇಬ್ಬರು. ಹಾಡುವವನು ಅರ್ನೊ ಸ್ಟ್ರೋಬ್ಲ್, ವಾದ್ಯಗಳೆಲ್ಲ ಆಕ್ಸೆಲ್ ವುರ್ಸ್ಟ್‌ಹಾರ್ನ್‌ನವು. ಡ್ರಮ್ಮರ್ ಇಲ್ಲ, ಡ್ರಮ್ ಯಂತ್ರವಿದೆ. ಆಲ್ಬಂ ಬಂದದ್ದು 1999ರಲ್ಲಿ. ಗುಡುಗು ದನಿಯ ಡೆತ್ ಮೆಟಲ್, ಅದರಂತೆಯೇ ಒರಟಾದ, ಅತಿವೇಗದ ಗ್ರೈಂಡ್, ಕುಣಿಸುವ ಡಿಸ್ಕೊ, ಫಂಕ್ ಒಂದರ ಹಿಂದೆ ಒಂದು ಬರುತ್ತವೆ. ಮುಂದಿನ ತಿರುವು ಎಲ್ಲಿದೆ ಎಂದು ಊಹಿಸಲು ಹೋದರೆ ಸೋಲು ಖಚಿತ.

ಆದರೆ ಆ ತಿರುವುಗಳನ್ನು ಒಮ್ಮೆ ಹತ್ತಿರದಿಂದ ಕೇಳಿ. ಡೆತ್ ಮೆಟಲ್‌ನ ಬ್ಲಾಸ್ಟ್ ಬೀಟ್ ಎಂಬ ಅತಿವೇಗದ ಬಡಿತದಲ್ಲಿ ಸ್ನೇರ್ (ಚುರುಕು ದನಿಯ ಚಿಕ್ಕ ಡ್ರಮ್) ಮತ್ತು ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಉಸಿರು ಬಿಡದಂತೆ ಒಂದರ ಮೇಲೊಂದು ಬೀಳುತ್ತಿರುತ್ತವೆ. ಡಿಸ್ಕೊದಲ್ಲಿ ಪ್ರತಿ ಎಣಿಕೆಗೂ ಒಂದು ಕಿಕ್, ನಡುವಿನ ಬಿಡುವಿನಲ್ಲಿ ಹೈ-ಹ್ಯಾಟ್ ಎಂಬ ಜೋಡಿ ತಾಳ ಬಾಯ್ತೆರೆಯುತ್ತದೆ. ಮೊದಲನೆಯದರಿಂದ ಎರಡನೆಯದಕ್ಕೆ ಹೊರಳುವಾಗ ಮನುಷ್ಯನಾದರೆ ಮೈ ಸಡಿಲಿಸಿಕೊಳ್ಳಲು ಒಂದು ಕ್ಷಣ ಬೇಡುತ್ತಾನೆ. ಯಂತ್ರ ಬೇಡುವುದಿಲ್ಲ. ಯಂತ್ರದ ಡ್ರಮ್ಮಿಗೆ ಜೀವವಿಲ್ಲ ಎಂದು ಮೂಗು ಮುರಿಯುವವರು ಇದನ್ನು ಗಮನಿಸಬೇಕು: ಆ ಕತ್ತರಿಸಿದಂಥ ಹೊರಳುವಿಕೆಯೇ ಈ ಆಲ್ಬಂನ ಉಸಿರು. ಅದರ ಮೇಲೆ ಅರ್ನೊ ದನಿ. ಹೊಟ್ಟೆಯಾಳದಿಂದ ಗುಡುಗುತ್ತಿದ್ದವನು ಮರುಗಳಿಗೆ ಹಳೆಯ ಕ್ಲಬ್ ಗಾಯಕರ ಹಾಗೆ ನಯವಾಗಿ, ಶ್ರುತಿ ಬಿಡದೆ ಹಾಡುತ್ತಾನೆ. ಡಿಸ್ಕೊವನ್ನು ಅಣಕಿಸಲು ಬಂದವನು ಅಷ್ಟು ಪ್ರೀತಿಯಿಂದ ಹಾಡುತ್ತಾನೆಯೇ? ಏನು ಬೇಕೆಂದು ಗೊತ್ತಿಲ್ಲದವರು ಹೀಗೆ ಅಳೆದು ಕತ್ತರಿಸುತ್ತಾರೆಯೇ?

ಹಾಡುಗಳ ಹೆಸರುಗಳೇ ಪೋಲಿಯಾಗಿವೆ, ಅವರೇ ತಮಾಷೆ ಮಾಡುತ್ತಿರುವಾಗ ನೀನೇಕೆ ಗಂಭೀರವಾಗುತ್ತೀಯ ಎಂದು ಕೇಳಬಹುದು. ಕೆಲವು ಹೆಸರುಗಳು ನನಗೂ ಹಿಡಿಸುವುದಿಲ್ಲ. ಆದರೆ ನಗಿಸುವವನು ಕೆಲಸಗಳ್ಳ ಎಂದು ಯಾರು ಹೇಳಿದರು? ಯಕ್ಷಗಾನದ ಹಾಸ್ಯಗಾರನಿಗೆ ತಾಳ ಗೊತ್ತಿಲ್ಲದಿದ್ದರೆ ರಂಗದ ಮೇಲೆ ಒಂದು ಗಳಿಗೆಯೂ ನಿಲ್ಲಲಾರ. ಇನ್ನು, ಅಮೆರಿಕದ ಮಿಸ್ಟರ್ ಬಂಗಲ್ ತಂಡ ಇದನ್ನೆಲ್ಲ 1991ರಲ್ಲೇ ಮಾಡಿ ಮುಗಿಸಿತ್ತು ಎನ್ನುವವರಿದ್ದಾರೆ. ದಾರಿ ತೋರಿಸಿದವರು ಅವರೇ ಇರಬಹುದು. ಹಾಗೆಂದು ಆ ದಾರಿಯಲ್ಲಿ ಮತ್ತೆ ಯಾರೂ ನಡೆಯಬಾರದೇ?

ನನಗೆ ಇಷ್ಟು ಕೋಪ ಏಕೆಂದು ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಬೆಳಿಗ್ಗೆ ಸುಪ್ರಭಾತ, ಅಡುಗೆಮನೆಯ ರೇಡಿಯೊದಲ್ಲಿ ಚಿತ್ರಗೀತೆ, ಅಕ್ಕನ ಬಾಯಲ್ಲಿ ಭಾವಗೀತೆ, ರಾತ್ರಿ ನನ್ನ ಹೆಡ್‌ಫೋನಿನಲ್ಲಿ ಡೆತ್ ಮೆಟಲ್. ಇವುಗಳಲ್ಲಿ ಒಂದನ್ನು ಆರಿಸಿಕೊಂಡು ಉಳಿದದ್ದನ್ನು ಬಿಡು ಎಂದು ಮೆಟಲ್ ಗೆಳೆಯರೂ ಹೇಳಿದರು, ನೆಂಟರೂ ಹೇಳಿದರು. ಬಿಡಲು ನನ್ನಿಂದ ಆಗಲೇ ಇಲ್ಲ. ಎಲ್ಲವನ್ನೂ ಪ್ರೀತಿಸುವ ಕಿವಿಯ ಪರವಾಗಿ ಇಷ್ಟು ಗಟ್ಟಿಯಾಗಿ ನಿಂತ ಆಲ್ಬಂ ಅಪರೂಪ. ಅದನ್ನು ಎರಡು ಹಾಡು ಕೇಳಿ ಕಲಸುಮೇಲೋಗರ ಎಂದರೆ ನನ್ನನ್ನೇ ಅಂದ ಹಾಗಾಗುತ್ತದೆ.

ಪೂರ್ತಿ ಕೇಳಿದ ಮೇಲೆ ಇಷ್ಟವಾಗಲಿಲ್ಲ ಎನ್ನಿ, ಒಪ್ಪುತ್ತೇನೆ. ಈ ಭಾನುವಾರ ಸಂಜೆ ನಮ್ಮ ಮನೆಗೆ ಬನ್ನಿ. ಮೊದಲ ಹಾಡಿನಿಂದ ಕೊನೆಯದರವರೆಗೆ ಅದೇ ಕ್ರಮದಲ್ಲಿ ಹಾಕುತ್ತೇನೆ. ನಡುವೆ ಯಾರೂ ಫೋನ್ ಮುಟ್ಟಬಾರದು.